‘ಯೂಸ್ಡ್ ಟು’ ಆದ ಮೇಲೆ ‘ಗೋ’ ಬರಬೇಕಾ, ‘ಗೋಯಿಂಗ್’ ಬರಬೇಕಾ?

ಕಲ್ಪತರು_ನಾಡು

ನಮಸ್ಕಾರ ಎಲ್ಲರಿಗೂ. ನಾನು ತಿಪಟೂರಿನಲ್ಲಿ ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೇನೆ. ಬರುವವರೆಲ್ಲ ಕನ್ನಡ ಮೀಡಿಯಂ ಮಕ್ಕಳು. ತುಂಬ ಚುರುಕು. ಸುಮ್ನೆ ಬಾಯಿಪಾಠ ಮಾಡಿ ಅಂದರೆ ಮಾಡುವುದಿಲ್ಲ, ಯಾಕೆ ಹಾಗೆ ಅಂತ ಕೇಳುತ್ತಾರೆ. ಈ ವಾರ ‘ಯೂಸ್ಡ್ ಟು’ ಪಾಠಕ್ಕೆ ಬಂದು ನಿಂತಿದ್ದೇವೆ.

ಗೈಡ್‌ನಲ್ಲಿ ಒಂದೇ ಪುಟದಲ್ಲಿ ಈ ಎರಡು ವಾಕ್ಯ ಇವೆ:

ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ.
ಐ ಆ್ಯಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ.

ಎರಡರ ಕೆಳಗೂ ‘ಅಭ್ಯಾಸವನ್ನು ಸೂಚಿಸುತ್ತದೆ’ ಅಂತ ಒಂದೇ ಸಾಲಿನ ವಿವರಣೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: ‘ಮಿಸ್, ಟು ಆದಮೇಲೆ ಕ್ರಿಯಾಪದದ ಮೂಲ ರೂಪ ಬರಬೇಕು ಅಂತ ನೀವೇ ಹೇಳಿದ್ದಿರಿ, ಇಲ್ಲಿ ಇಂಗ್ ಹೇಗೆ ಬಂತು?’ ಒಳ್ಳೆ ಪ್ರಶ್ನೆ. ಅವಳಿಗೆ ಸರಿಯಾದ ಉತ್ತರ ಕೊಡಬೇಕು.

ಇನ್ನೂ ಎರಡು ಸಂದೇಹ ಇವೆ. ‘ನಾನು ದಿನಾ ದೇವಸ್ಥಾನಕ್ಕೆ ಹೋಗುತ್ತೇನೆ’ ಎನ್ನಲು ‘ಐ ಯೂಸ್ ಟು ಗೋ ಟು ಟೆಂಪಲ್ ಡೈಲಿ’ ಅಂತ ಸುಮಾರು ಜನ ಹೇಳುವುದನ್ನು ಕೇಳಿದ್ದೇನೆ. ಯೂಸ್ಡ್ ಟು ಹಿಂದಿನದಕ್ಕಾದರೆ ಯೂಸ್ ಟು ಈಗಿನದಕ್ಕೆ ಅಂತ ಮಕ್ಕಳೂ ಲೆಕ್ಕ ಹಾಕಿಬಿಟ್ಟಿದ್ದಾರೆ. ಇದು ಸರಿಯಾ? ಕೊನೆಯದು, ‘ಡಿಡಂಟ್’ ಹಾಕಿದಾಗ ‘ಯೂಸ್’ ಪಕ್ಕ ಡಿ ಅಕ್ಷರ ಉಳಿಯುತ್ತದಾ, ಹೋಗುತ್ತದಾ? ಎರಡು ರೀತಿಯೂ ಕಾಣುತ್ತಿದೆ.

ದಯವಿಟ್ಟು ಕನ್ನಡದಲ್ಲೇ ವಿವರಿಸಿ. ಇಂಗ್ಲಿಷ್ ವ್ಯಾಕರಣದ ಪದಗಳನ್ನೇ ಮತ್ತೆ ಹೇಳಿದರೆ ಮಕ್ಕಳಿಗೆ ಉಪಯೋಗ ಆಗಲ್ಲ.

ಸಾಗರದ_ಸುಮಾ

ಮೇಡಂ, ಮೊದಲು ಆ ಗೈಡ್‌ನ ಒಂದೇ ಸಾಲಿನ ವಿವರಣೆಯನ್ನು ಹೊಡೆದುಹಾಕಿ. ಆ ಎರಡು ವಾಕ್ಯಗಳ ಅರ್ಥ ಬೇರೆ ಬೇರೆ, ಹೆಚ್ಚುಕಮ್ಮಿ ಎದುರು ಬದುರು ಅಂತಲೇ ಹೇಳಬಹುದು.

‘ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಅಂದರೆ ಮುಂಚೆ ಬೇಗ ಏಳುತ್ತಿದ್ದೆ, ಈಗ ಏಳಲ್ಲ. ‘ಐ ಆ್ಯಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’ ಅಂದರೆ ಬೇಗ ಏಳುವುದು ನನಗೆ ಒಗ್ಗಿಹೋಗಿದೆ, ಕಷ್ಟ ಅನಿಸಲ್ಲ. ಮೊದಲನೆಯದು ಮುಗಿದುಹೋದ ಕಥೆ, ಎರಡನೆಯದು ಈಗ ನಾನು ಹೇಗಿದ್ದೇನೆ ಅನ್ನುವ ಮಾತು.

ಇಂಗ್ ಯಾಕೆ ಅನ್ನುವುದಕ್ಕೆ ಕನ್ನಡದಲ್ಲೇ ಉತ್ತರ ಇದೆ. ಎರಡನೇ ವಾಕ್ಯದ ‘ಟು’ ನಮ್ಮ ‘ಗೆ’, ‘ಕ್ಕೆ’ ಇದ್ದ ಹಾಗೆ. ಚಳಿಗೆ ಒಗ್ಗಿದ್ದೇನೆ, ಐ ಆ್ಯಮ್ ಯೂಸ್ಡ್ ಟು ದ ಕೋಲ್ಡ್. ಗದ್ದಲಕ್ಕೆ ಒಗ್ಗಿದ್ದೇನೆ, ಐ ಆ್ಯಮ್ ಯೂಸ್ಡ್ ಟು ದ ನಾಯ್ಸ್. ಚಳಿ, ಗದ್ದಲ ಇವೆಲ್ಲ ನಾಮಪದ. ಆ ಜಾಗದಲ್ಲಿ ‘ಏಳು’ ಎಂಬ ಕ್ರಿಯಾಪದವನ್ನು ಇಡಬೇಕಾದರೆ ಕನ್ನಡದಲ್ಲಿ ಏನು ಮಾಡುತ್ತೇವೆ? ‘ಏಳು’ ಅನ್ನುವುದನ್ನು ‘ಏಳುವುದು’ ಅಂತ ಮಾಡಿಕೊಂಡು ಆಮೇಲೆ ‘ಏಳುವುದಕ್ಕೆ’ ಅನ್ನುತ್ತೇವೆ. ಇಂಗ್ಲಿಷ್‌ನವರು ‘ಗೆಟ್ ಅಪ್’ ಅನ್ನು ‘ಗೆಟಿಂಗ್ ಅಪ್’ ಮಾಡಿದ್ದು ಅದೇ ಕೆಲಸ. ಆ ಇಂಗ್ ನಮ್ಮ ‘ವುದು’. ಮಕ್ಕಳಿಗೆ ಇಷ್ಟು ಹೇಳಿ, ತಕ್ಷಣ ಹಿಡಿಯುತ್ತಾರೆ.

ಸಂದೇಹ ಬಂದರೆ ಪರೀಕ್ಷೆ ಸುಲಭ. ‘ಟು’ ಆದಮೇಲೆ ‘ಇಟ್’ ಅಂತ ಹಾಕಿ ನೋಡಿ. ‘ಐ ಆ್ಯಮ್ ಯೂಸ್ಡ್ ಟು ಇಟ್’ ಅನ್ನಬಹುದು, ಹಾಗಾಗಿ ಅಲ್ಲಿ ಇಂಗ್ ಬೇಕು. ಮುಗಿದುಹೋದ ಅಭ್ಯಾಸದ ಅರ್ಥದಲ್ಲಿ ‘ಐ ಯೂಸ್ಡ್ ಟು ಇಟ್’ ಅಂದರೆ ಏನೂ ಆಗಲ್ಲ, ಹಾಗಾಗಿ ಅಲ್ಲಿ ಮೂಲ ರೂಪ. ಈಮೇಲ್ ಕೊನೆಯಲ್ಲಿ ಬರೆಯುವ ‘ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು’ ಕೂಡ ಇದೇ ಜಾತಿ. ಸುಮಾರು ಜನ ಅಲ್ಲಿ ‘ಮೀಟ್’ ಅಂತ ಬರೆಯುತ್ತಾರೆ. ಈ ಪರೀಕ್ಷೆ ಗೊತ್ತಿದ್ದರೆ ಅದೂ ಸರಿಹೋಗುತ್ತದೆ.

ಇನ್ನು ‘ಯೂಸ್ ಟು ಗೋ ಡೈಲಿ’ ತಪ್ಪು. ದಿನಾ ಹೋಗುವವರು ‘ಐ ಗೋ ಟು ದ ಟೆಂಪಲ್ ಎವ್ರಿ ಡೇ’ ಅಂದರೆ ಸಾಕು. ಸಾಮಾನ್ಯವಾಗಿ ಹೋಗುತ್ತೇನೆ ಅನ್ನಬೇಕಾದರೆ ‘ಐ ಯೂಶುವಲಿ ಗೋ’. ಈ ‘ಯೂಶುವಲಿ’ ಮತ್ತು ‘ಯೂಸ್ ಟು’ ಕಿವಿಗೆ ಹತ್ತಿರ ಹತ್ತಿರ ಇರುವುದೂ ಗೊಂದಲಕ್ಕೆ ಒಂದು ಕಾರಣ ಇರಬಹುದು ಅಂತ ನನಗೆ ಅನಿಸುತ್ತದೆ.

ಧಾರವಾಡದ_ಮೇಷ್ಟ್ರು

ಸುಮಾ ಅವರು ‘ವುದಕ್ಕೆ’ ಹೇಳಿದ್ದು ಬಹಳ ಚೆನ್ನಾಗಿದೆ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ನಮ್ಮ ಮಕ್ಕಳು ಈ ಜಾಗದಲ್ಲೇ ಯಾಕೆ ಎಡವುತ್ತಾರೆ ಅನ್ನುವುದರ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಕಾರಣ ಗೊತ್ತಾಗದೆ ತಪ್ಪು ತಿದ್ದಿದರೆ ಅದು ನಿಲ್ಲುವುದಿಲ್ಲ.

‘ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ’ ಎಂಬ ವಾಕ್ಯ ನೋಡಿ. ಇದಕ್ಕೆ ಎರಡು ಅರ್ಥ ಇವೆ. ‘ನೀನು ಫೋನ್ ಮಾಡಿದಾಗ ಬಸ್ಸಿನಲ್ಲಿ ಹೋಗುತ್ತಿದ್ದೆ’ ಅಂದರೆ ಆ ಹೊತ್ತಿನಲ್ಲಿ ನಡೆಯುತ್ತಿದ್ದ ಕೆಲಸ. ‘ಪಿಯುಸಿ ಓದುವಾಗ ಬಸ್ಸಿನಲ್ಲಿ ಹೋಗುತ್ತಿದ್ದೆ’ ಅಂದರೆ ಆಗಿನ ದಿನನಿತ್ಯದ ರೂಢಿ. ನಮಗೆ ಎರಡಕ್ಕೂ ಒಂದೇ ರೂಪ ಸಾಕು, ಯಾವ ಅರ್ಥ ಅಂತ ಸಂದರ್ಭ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಇವನ್ನು ಬೇರೆ ಮಾಡುತ್ತಾರೆ. ಮೊದಲನೆಯದು ‘ಐ ವಾಸ್ ಗೋಯಿಂಗ್’, ಎರಡನೆಯದು ‘ಐ ಯೂಸ್ಡ್ ಟು ಗೋ’. ನಮ್ಮ ಕಡೆಯವರು ‘ಇನ್ ಪಿಯುಸಿ ಐ ವಾಸ್ ಗೋಯಿಂಗ್ ಬೈ ಬಸ್’ ಅಂತ ಹೇಳುವುದು ಇದರಿಂದಲೇ. ಮಕ್ಕಳ ತಲೆಯಲ್ಲಿ ‘ಹೋಗುತ್ತಿದ್ದೆ’ ಬಂದಾಗೆಲ್ಲ ಒಂದು ಕ್ಷಣ ನಿಂತು, ಇದು ಆ ಹೊತ್ತಿನ ಮಾತಾ, ಆ ಕಾಲದ ರೂಢಿಯ ಮಾತಾ ಅಂತ ಕೇಳಿಕೊಳ್ಳುವುದನ್ನು ಕಲಿಸಿ. ನನ್ನ ಪ್ರಕಾರ ಇಡೀ ಪಾಠದಲ್ಲಿ ಇದೇ ಮುಖ್ಯ. ಮಿಕ್ಕಿದ್ದೆಲ್ಲ ಇದರ ಹಿಂದೆ ತಾನೇ ಬರುತ್ತದೆ.

ಇನ್ನೊಂದು ಕಡೆ ನಮ್ಮ ‘ಹೋಗುತ್ತೇನೆ’. ‘ನಾಳೆ ಹೋಗುತ್ತೇನೆ’ ಅಂತಲೂ ಹೇಳುತ್ತೇವೆ, ‘ದಿನಾ ಹೋಗುತ್ತೇನೆ’ ಅಂತಲೂ ಹೇಳುತ್ತೇವೆ. ರೂಢಿ ಅನ್ನುವುದನ್ನು ಒತ್ತಿ ಹೇಳಬೇಕು ಅನಿಸಿದಾಗ ಬರೀ ‘ಐ ಗೋ’ ಅಂದರೆ ಏನೋ ಕಮ್ಮಿ ಆಯಿತು ಅನಿಸುತ್ತದೆ. ಆಗ ‘ಯೂಸ್ ಟು’ ಬಂದು ಸೇರಿಕೊಳ್ಳುತ್ತದೆ. ಇಂಗ್ಲಿಷ್‌ನ ‘ಐ ಗೋ’ ಅನ್ನುವುದರಲ್ಲೇ ರೂಢಿಯ ಅರ್ಥ ಪೂರ್ತಿ ಇದೆ ಅಂತ ಮಕ್ಕಳಿಗೆ ಧೈರ್ಯ ಹೇಳಬೇಕು.

ಆ ಮಕ್ಕಳ ಲೆಕ್ಕಾಚಾರ ಮಾತ್ರ ದಡ್ಡತನದ್ದಲ್ಲ ಮೇಡಂ, ದಯವಿಟ್ಟು ಅವರಿಗೆ ಇದನ್ನು ಹೇಳಿ. ಶೇಕ್ಸ್‌ಪಿಯರ್ ಕಾಲದಲ್ಲಿ, ಅಂದರೆ 1600ರ ಸುಮಾರಿಗೆ, ಇಂಗ್ಲಿಷ್‌ನಲ್ಲಿ ವರ್ತಮಾನ ಕಾಲಕ್ಕೂ ಇದೇ ಮಾತು ಬಳಕೆಯಲ್ಲಿತ್ತು. ‘ಶಿ ಯೂಸಸ್ ಟು’ ಅಂತ ಬರೆದರೆ ಅವಳಿಗೆ ಹಾಗೆ ಮಾಡುವ ರೂಢಿ ಇದೆ ಅಂತ ಅರ್ಥ. ಆಮೇಲೆ ಆ ವರ್ತಮಾನ ರೂಪ ಬಿದ್ದುಹೋಯಿತು, ಭೂತಕಾಲದ್ದು ಮಾತ್ರ ಉಳಿಯಿತು. ಹಾಗಾಗಿ ‘ಯೂಸ್ಡ್ ಟು’ ಈಗ ಜೋಡಿ ಕಳೆದುಕೊಂಡ ಒಂಟಿ ಎತ್ತು. ಮಕ್ಕಳು ಜೋಡಿ ಹುಡುಕಿದ್ದು ಸಹಜ. ಆದರೆ ಇವತ್ತಿನ ಇಂಗ್ಲಿಷ್‌ನಲ್ಲಿ ಅದು ಇಲ್ಲ, ಅಷ್ಟೇ.

‘ಈಗ ಇಲ್ಲ’ ಅನ್ನುವ ಅರ್ಥದ ಬಗ್ಗೆಯೂ ಸ್ವಲ್ಪ ಹೇಳಬೇಕು. ನಮ್ಮ ರಾಜ್ಯದ ಹೆಸರು 1973ರ ನವೆಂಬರ್ 1ರವರೆಗೆ ಮೈಸೂರು ಅಂತಲೇ ಇತ್ತು. ‘ಕರ್ನಾಟಕ ಯೂಸ್ಡ್ ಟು ಬಿ ಕಾಲ್ಡ್ ಮೈಸೂರ್ ಸ್ಟೇಟ್’ ಸರಿಯಾದ ವಾಕ್ಯ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಅದಕ್ಕೆ ‘ಪೀಪಲ್ ಯೂಸ್ಡ್ ಟು ಮೈನ್ ಗೋಲ್ಡ್ ಇನ್ ಕೆಜಿಎಫ್’ ಅನ್ನಬಹುದು. ಆದರೆ ಹೆಸರು ಬದಲಾದದ್ದು, ಗಣಿ ಮುಚ್ಚಿದ್ದು ಒಂದೇ ಸಲ ಆದ ಘಟನೆಗಳು. ಅವಕ್ಕೆ ‘ಯೂಸ್ಡ್ ಟು’ ಬರಲ್ಲ. ‘ದ ನೇಮ್ ಚೇಂಜ್ಡ್ ಇನ್ 1973’, ‘ದ ಮೈನ್ ಕ್ಲೋಸ್ಡ್ ಇನ್ 2001’ ಅಂತ ಸೀದಾ ಭೂತಕಾಲ.

ಇಲ್ಲಿ ‘ಬಿ’ ಬಂದಿರುವುದನ್ನೂ ತೋರಿಸಿ. ಬರೀ ಅಭ್ಯಾಸಕ್ಕೆ ಮಾತ್ರ ಈ ಮಾತು ಅಂತ ಗೈಡ್‌ನವರು ಬರೆದಿದ್ದರೆ ಅದೂ ಅರ್ಧ ಸತ್ಯ. ಇದ್ದ ಸ್ಥಿತಿಗೂ ಬರುತ್ತದೆ. ‘ಇಲ್ಲಿ ಒಂದು ಬೇವಿನ ಮರ ಇತ್ತು’ ಅನ್ನುವುದಕ್ಕೆ ‘ದೇರ್ ವಾಸ್’ ಅಂದರೂ ತಪ್ಪಲ್ಲ, ‘ದೇರ್ ಯೂಸ್ಡ್ ಟು ಬಿ’ ಅಂದರೆ ಈಗ ಇಲ್ಲ ಅನ್ನುವುದೂ ಜೊತೆಗೆ ತಿಳಿಯುತ್ತದೆ.

ಲೀಡ್ಸ್_ಕನ್ನಡಿಗ

ಮೂರನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಾನು ಇಂಗ್ಲೆಂಡಿನಲ್ಲಿ ಇರುವುದು, ಮೂಲ ಹಾಸನ.

ಈ ಡಿ ಅಕ್ಷರದ ಜಗಳ ಇಲ್ಲಿನವರಿಗೂ ಇದೆ. ಕಾರಣ ಉಚ್ಚಾರಣೆ. ಅವರು ‘ಯೂಸ್ಡ್ ಟು’ ಅಂತ ಬಿಡಿಸಿ ಹೇಳುವುದೇ ಇಲ್ಲ, ‘ಯೂಸ್ಟ’ ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಡಿ ಪಕ್ಕ ಟ ಬಂದರೆ ಎರಡೂ ಸೇರಿ ಒಂದೇ ಟ ಆಗುತ್ತದೆ. ಹೀಗಾಗಿ ‘ಯೂಸ್ ಟು’, ‘ಯೂಸ್ಡ್ ಟು’ ಎರಡೂ ಕಿವಿಗೆ ಒಂದೇ ಥರ ಕೇಳುತ್ತವೆ. ಕಿವಿ ನಂಬಿ ಬರೆದರೆ ಡಿ ಬಿಟ್ಟುಹೋಗುತ್ತದೆ. ಅಂಗಡಿ ಬೋರ್ಡಿನಿಂದ ಹಿಡಿದು ಆಫೀಸ್ ಮೆಸೇಜ್‌ವರೆಗೆ ‘ಐ ಯೂಸ್ ಟು ಲಿವ್ ದೇರ್’ ಅಂತ ಡಿ ಇಲ್ಲದೆ ಬರೆಯುವ ಇಂಗ್ಲಿಷರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬರವಣಿಗೆಯಲ್ಲಿ ಅದು ತಪ್ಪೇ.

ನಿಯಮ ಹೀಗೆ. ಸಾದಾ ವಾಕ್ಯದಲ್ಲಿ ಡಿ ಬೇಕೇ ಬೇಕು. ‘ಡಿಡ್’ ಅಥವಾ ‘ಡಿಡಂಟ್’ ಬಂದರೆ ಭೂತಕಾಲದ ಭಾರವನ್ನು ಅದೇ ಹೊತ್ತುಕೊಳ್ಳುತ್ತದೆ, ಆಗ ‘ಯೂಸ್’ ಬರಿಗೈಯಲ್ಲಿ ನಿಲ್ಲುತ್ತದೆ. ‘ಡಿಡ್ ಯು ಗೋ’ ಅನ್ನುತ್ತೇವೆ, ‘ಡಿಡ್ ಯು ವೆಂಟ್’ ಅನ್ನಲ್ಲ ಅಲ್ವಾ, ಹಾಗೇ ಇದೂ. ‘ಡಿಡ್ ಯು ಯೂಸ್ ಟು ಲಿವ್ ಇನ್ ಹಾಸನ್?’, ‘ಐ ಡಿಡಂಟ್ ಯೂಸ್ ಟು ಲೈಕ್ ಕಾಫಿ’. ಪರೀಕ್ಷೆಯಲ್ಲಿ ಹೀಗೇ ಬರೆಯಲಿ. ಡಿ ಸಮೇತ ‘ಡಿಡಂಟ್ ಯೂಸ್ಡ್ ಟು’ ಅಂತ ಅಚ್ಚಾಗಿರುವುದೂ ಕಾಣುತ್ತದೆ, ಮಕ್ಕಳು ಕಂಡು ಗಾಬರಿ ಆಗುವುದು ಬೇಡ.

ಇನ್ನೂ ಸುಲಭದ ದಾರಿ ಇದೆ. ಇಲ್ಲಿನ ಜನ ಮಾತಿನಲ್ಲಿ ‘ಡಿಡಂಟ್ ಯೂಸ್ ಟು’ಗಿಂತ ‘ನೆವರ್ ಯೂಸ್ಡ್ ಟು’ ಅಂತ ಹೇಳುವುದು ಜಾಸ್ತಿ ಅಂತ ನನ್ನ ಅನುಭವ. ‘ಐ ನೆವರ್ ಯೂಸ್ಡ್ ಟು ಲೈಕ್ ಕಾಫಿ.’ ಇಲ್ಲಿ ಡಿ ಬೇಕಾ ಬೇಡವಾ ಅನ್ನುವ ಜಗಳವೇ ಇಲ್ಲ, ಡಿ ಇರುತ್ತದೆ. ಹಳೇ ಪುಸ್ತಕಗಳಲ್ಲಿ ‘ಯೂಸ್ಡ್ ನಾಟ್ ಟು’ ಅಂತಲೂ ಸಿಗಬಹುದು, ಈಗ ಅದನ್ನು ಯಾರೂ ಅಷ್ಟಾಗಿ ಬಳಸಲ್ಲ.

ಉಚ್ಚಾರಣೆಯಲ್ಲಿ ಇನ್ನೊಂದು ಸೂಕ್ಷ್ಮ. ‘ಬಳಸು’ ಅನ್ನುವ ಅರ್ಥ ಇದ್ದಾಗ ಮಾತ್ರ ಸ ಬದಲು ಜ಼ ಬರುತ್ತದೆ. ‘ಐ ಯೂಜ಼್ಡ್ ಯುವರ್ ಪೆನ್.’ ‘ದಿಸ್ ನೈಫ್ ಈಸ್ ಯೂಜ಼್ಡ್ ಟು ಕಟ್ ವೆಜಿಟಬಲ್ಸ್.’ ಹಿಂದಿನ ರೂಢಿ, ಒಗ್ಗಿಕೊಂಡಿರುವುದು ಈ ಎರಡರಲ್ಲೂ ಸ. ಹಾಗಾಗಿ ಬರೆದಾಗ ಒಂದೇ ಥರ ಕಂಡರೂ ಜೋರಾಗಿ ಓದಿದರೆ ಅರ್ಥ ಬೇರೆ ಆಗುತ್ತದೆ. ಮಕ್ಕಳಿಗೆ ಗಟ್ಟಿಯಾಗಿ ಓದಿಸಿ.

ರಾಯಚೂರ್_ಬಿಸಿಲು

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಒಂದು ಮಾತು ಕೇಳಬೇಕು. ‘ಐ ಯೂಸ್ ಟು ಗೋ ಡೈಲಿ’ ಅಂದರೆ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ. ಹಳ್ಳಿ ಮಕ್ಕಳು ಬಾಯಿ ಬಿಟ್ಟು ಇಂಗ್ಲಿಷ್ ಮಾತಾಡುವುದೇ ದೊಡ್ಡದು. ಪ್ರತಿ ವಾಕ್ಯಕ್ಕೂ ಇದು ತಪ್ಪು, ಅದು ತಪ್ಪು ಅಂತ ಅಂದರೆ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಅರ್ಥ ಆದರೆ ಸಾಕಲ್ವಾ? ನಾನು ಸಿಟ್ಟಿನಿಂದ ಕೇಳುತ್ತಿಲ್ಲ. ನಮ್ಮ ಕಡೆ ಮಕ್ಕಳು ಇದೇ ಹೆದರಿಕೆಗೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರುವುದನ್ನು ನೋಡಿ ಕೇಳುತ್ತಿದ್ದೇನೆ.

ಎಚ್ಆರ್_ಅಕ್ಕ

ರಾಯಚೂರಿನವರೇ, ನಿಮ್ಮ ಕಾಳಜಿ ನೂರಕ್ಕೆ ನೂರು ಸರಿ. ಮಾತಾಡುವಾಗ ಮಧ್ಯದಲ್ಲಿ ತಡೆದು ತಿದ್ದಬಾರದು, ನಾನೂ ಅದನ್ನು ಒಪ್ಪುತ್ತೇನೆ. ಆದರೆ ಈ ಒಂದು ಮಾತಿನಲ್ಲಿ ‘ಅರ್ಥ ಆಗುತ್ತದೆ’ ಅನ್ನುವುದೇ ಅನುಮಾನ. ಅದಕ್ಕೇ ಇದನ್ನು ಹೇಳಿಕೊಡಬೇಕು ಅಂತ ನನ್ನ ಹಟ.

ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವ ವಿಭಾಗದಲ್ಲಿದ್ದೇನೆ. ಇಂಟರ್‌ವ್ಯೂನಲ್ಲಿ ‘ಈಗಿನ ಕೆಲಸದಲ್ಲಿ ಏನು ಮಾಡುತ್ತೀರಿ’ ಅಂತ ಕೇಳುತ್ತೇವೆ. ಹುಡುಗ ಅಥವಾ ಹುಡುಗಿ ‘ಐ ಯೂಸ್ಡ್ ಟು ಹ್ಯಾಂಡಲ್ ಪೇರೋಲ್’ ಅನ್ನುತ್ತಾರೆ. ಅವರ ಮನಸ್ಸಿನಲ್ಲಿ ಇರುವುದು ‘ನಾನು ಪೇರೋಲ್ ನೋಡಿಕೊಳ್ಳುತ್ತೇನೆ’ ಅಂತ. ಎದುರಿಗೆ ಕೂತವರಿಗೆ ಕೇಳಿಸುವುದು ‘ಮುಂಚೆ ನೋಡಿಕೊಳ್ಳುತ್ತಿದ್ದೆ, ಈಗ ಇಲ್ಲ’ ಅಂತ. ಯಾಕೆ ಬಿಟ್ಟಿರಿ, ಯಾರಾದರೂ ಕಿತ್ತುಕೊಂಡರಾ ಅನ್ನುವ ಪ್ರಶ್ನೆ ಅಲ್ಲಿ ಹುಟ್ಟುತ್ತದೆ. ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಕೆಲವರು ಕೇಳದೆ ಸುಮ್ಮನೆ ಏನೋ ಬರೆದುಕೊಳ್ಳುತ್ತಾರೆ. ಆ ಎರಡನೆಯದೇ ಅಪಾಯ. ಕೆಲಸ ಬರುವವರಿಗೆ ಕೆಲಸ ಬರಲ್ಲ ಅಂತ ಆಗಿಬಿಡುತ್ತದೆ. ಮೊದಲೇ ಹೇಳಿದ ಹಾಗೆ ‘ಯೂಸ್ ಟು’, ‘ಯೂಸ್ಡ್ ಟು’ ಕಿವಿಗೆ ಒಂದೇ. ಹಾಗಾಗಿ ನೀವು ಈಗಿನದನ್ನು ಹೇಳುತ್ತಿದ್ದೀರಿ ಅಂತ ಎದುರಿನವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಮಾಡುತ್ತಿರುವ ಕೆಲಸಕ್ಕೆ ‘ಐ ಹ್ಯಾಂಡಲ್ ಪೇರೋಲ್’. ಹಿಂದಿನ ಕಂಪನಿಯಲ್ಲಿ ಮಾಡಿದ್ದಕ್ಕೆ ‘ಐ ಹ್ಯಾಂಡಲ್ಡ್ ಪೇರೋಲ್ ಇನ್ ಮೈ ಲಾಸ್ಟ್ ಜಾಬ್’. ರೆಸ್ಯೂಮೆಯಲ್ಲಿ ‘ಯೂಸ್ಡ್ ಟು’ ಬೇಡವೇ ಬೇಡ, ಸೀದಾ ಭೂತಕಾಲ ಗಟ್ಟಿಯಾಗಿ ಕೇಳುತ್ತದೆ.

ಅದರ ಎದುರಿಗೆ ‘ಬೀಯಿಂಗ್ ಯೂಸ್ಡ್ ಟು’ ಇಂಟರ್‌ವ್ಯೂನಲ್ಲಿ ಬಹಳ ಒಳ್ಳೆಯದು. ರಾತ್ರಿ ಪಾಳಿ ಆಗುತ್ತದಾ ಅಂತ ಕೇಳಿದರೆ ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ನೈಟ್ ಶಿಫ್ಟ್ಸ್’ ಅನ್ನಬಹುದು. ಇನ್ನೂ ಒಗ್ಗಿಲ್ಲ ಆದರೆ ಒಗ್ಗಿಕೊಳ್ಳುತ್ತೇನೆ ಅನ್ನುವವರು ‘ಐ ವಿಲ್ ಗೆಟ್ ಯೂಸ್ಡ್ ಟು ಇಟ್’ ಅನ್ನಲಿ. ಈ ‘ಗೆಟ್’ ಬಂದರೆ ಒಗ್ಗಿಕೊಳ್ಳುವ ದಾರಿಯಲ್ಲಿದ್ದೇವೆ ಅಂತ. ಹೊಸ ಊರು, ಹೊಸ ಹಾಸ್ಟೆಲ್, ಹೊಸ ಊಟ ಎಲ್ಲದಕ್ಕೂ ಬರುತ್ತದೆ: ‘ಐ ಆ್ಯಮ್ ಗೆಟಿಂಗ್ ಯೂಸ್ಡ್ ಟು ಹಾಸ್ಟೆಲ್ ಫುಡ್.’

ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಕೆಲಸದಲ್ಲಿ ಯಾರಿಗೂ ಕಮ್ಮಿ ಇಲ್ಲ. ನಾನು ದಿನಾ ನೋಡುತ್ತೇನೆ. ಇಂಥ ಸಣ್ಣ ಮಾತಿಗೆ ಅವರು ಹಿಂದೆ ಬೀಳಬಾರದು ಅಂತ ಹೊಟ್ಟೆ ಉರಿಯುತ್ತದೆ, ಅದಕ್ಕೇ ಇಷ್ಟು ಉದ್ದ ಬರೆದೆ.

ಕಲ್ಪತರು_ನಾಡು

ಎಲ್ಲರಿಗೂ ತುಂಬ ತುಂಬ ಧನ್ಯವಾದ. ‘ಏಳುವುದಕ್ಕೆ’ ವಿವರಣೆ ಸಂಜೆ ಕ್ಲಾಸಿನಲ್ಲಿ ಹೇಳಿದೆ. ಪ್ರಶ್ನೆ ಕೇಳಿದ ಹುಡುಗಿ ತಾನೇ ಬೋರ್ಡಿಗೆ ಬಂದು ‘ಐ ಆ್ಯಮ್ ಯೂಸ್ಡ್ ಟು ವಾಕಿಂಗ್ ಟು ಸ್ಕೂಲ್’ ಅಂತ ಬರೆದಳು. ಎರಡು ‘ಟು’ ಇದ್ದರೂ ಗೊಂದಲ ಆಗಲಿಲ್ಲ.

ಆದರೆ ಅವಳೇ ಇನ್ನೊಂದು ಪ್ರಶ್ನೆ ತೆಗೆದಳು. ‘ತರಕಾರಿ ಹೆಚ್ಚುವುದಕ್ಕೆ ಚಾಕು ಬಳಸುತ್ತೇವೆ’ ಅಂತಲೂ ಹೇಳುತ್ತೇವಲ್ಲ ಮಿಸ್, ಅಲ್ಲೂ ‘ವುದಕ್ಕೆ’ ಇದೆ, ಮತ್ತೆ ಅಲ್ಲಿ ಯಾಕೆ ‘ಯೂಸ್ಡ್ ಟು ಕಟ್’, ‘ಕಟಿಂಗ್’ ಯಾಕಿಲ್ಲ ಅಂತ. ಇದಕ್ಕೆ ಮೇಷ್ಟ್ರು ಉತ್ತರ ಹೇಳಬೇಕು.

ಇನ್ನೊಬ್ಬ ಹುಡುಗ ‘ಐ ಯೂಸ್ಡ್ ಟು ಲಿವ್ ಇನ್ ಅರಸೀಕೆರೆ ಫಾರ್ ತ್ರೀ ಇಯರ್ಸ್’ ಅಂತ ಬರೆದಿದ್ದಾನೆ. ನನಗೆ ಏನೋ ಸರಿ ಇಲ್ಲ ಅನಿಸಿತು, ಯಾಕೆ ಅಂತ ಹೇಳಲು ಆಗಲಿಲ್ಲ. ಮತ್ತೆ ‘ವುಡ್’ ಕೂಡ ಹಿಂದಿನ ಅಭ್ಯಾಸಕ್ಕೆ ಬರುತ್ತದೆ ಅಂತ ಗೈಡ್‌ನಲ್ಲಿದೆ. ಎರಡೂ ಒಂದೇನಾ?

ಧಾರವಾಡದ_ಮೇಷ್ಟ್ರು

ಆ ಹುಡುಗಿಗೆ ನನ್ನ ಆಶೀರ್ವಾದ ತಿಳಿಸಿ ಮೇಡಂ. ಅವಳು ಹಿಡಿದದ್ದು ನಿಜ. ಕನ್ನಡದ ‘ವುದಕ್ಕೆ’ ಎರಡು ಕೆಲಸ ಮಾಡುತ್ತದೆ. ‘ಏಳುವುದಕ್ಕೆ ಒಗ್ಗಿದ್ದೇನೆ’ ಎಂಬಲ್ಲಿ ಯಾವುದಕ್ಕೆ ಒಗ್ಗಿದ್ದು ಅಂತ ಹೇಳುತ್ತದೆ. ‘ಹೆಚ್ಚುವುದಕ್ಕೆ ಬಳಸುತ್ತೇವೆ’ ಎಂಬಲ್ಲಿ ಉದ್ದೇಶ ಹೇಳುತ್ತದೆ. ಬೇರೆ ಮಾಡುವುದು ಹೇಗೆ ಅಂದರೆ, ಉದ್ದೇಶ ಇರುವ ಕಡೆ ‘ವುದಕ್ಕೆ’ ತೆಗೆದು ‘ಅಲು’ ಹಾಕಬಹುದು. ‘ತರಕಾರಿ ಹೆಚ್ಚಲು ಬಳಸುತ್ತೇವೆ’ ಸರಿ ಕೇಳುತ್ತದೆ. ‘ಬೇಗ ಏಳಲು ಒಗ್ಗಿದ್ದೇನೆ’ ಅಂದರೆ ಕಿವಿಗೆ ಕಿರಿಕಿರಿ. ‘ಅಲು’ ಹೊಂದುವ ಕಡೆ ಇಂಗ್ಲಿಷ್‌ನಲ್ಲಿ ಮೂಲ ರೂಪ, ಹೊಂದದ ಕಡೆ ಇಂಗ್. ಚಾಕುವಿಗೆ ಇಂಗ್ ಬೇಕೇ ಬೇಕು ಅಂದರೆ ‘ಟು’ ತೆಗೆದು ‘ಫಾರ್’ ಹಾಕಬೇಕು: ‘ಯೂಸ್ಡ್ ಫಾರ್ ಕಟಿಂಗ್ ವೆಜಿಟಬಲ್ಸ್’. ಅದೂ ಸರಿಯೇ. ಇನ್ನೂ ಒಂದು ಗುರುತು, ಒಗ್ಗಿಕೊಳ್ಳುವುದು ಸಾಮಾನ್ಯವಾಗಿ ಮನುಷ್ಯರು, ಪ್ರಾಣಿಗಳು. ಚಾಕು ಯಾವುದಕ್ಕೂ ಒಗ್ಗಿಕೊಳ್ಳಲ್ಲ. ವಾಕ್ಯದ ಕರ್ತೃ ಯಾರು ಅಂತ ನೋಡಿದರೇ ಅರ್ಧ ಉತ್ತರ ಸಿಗುತ್ತದೆ.

ಅರಸೀಕೆರೆ ಹುಡುಗನ ವಾಕ್ಯ. ‘ಯೂಸ್ಡ್ ಟು’ ಬಂದರೆ ಆ ಕಾಲ ಎಷ್ಟು ಉದ್ದ ಇತ್ತು ಅಂತ ಅಳತೆ ಹೇಳಬಾರದು. ಅಳತೆ ಹೇಳಬೇಕಾದರೆ ‘ಐ ಲಿವ್ಡ್ ಇನ್ ಅರಸೀಕೆರೆ ಫಾರ್ ತ್ರೀ ಇಯರ್ಸ್’. ಒಟ್ಟು ಎಷ್ಟು ಸಲ ಅನ್ನುವುದಕ್ಕೂ ಇದೇ ಮಾತು. ಹಂಪಿಗೆ ಒಟ್ಟು ಮೂರು ಸಲ ಹೋಗಿದ್ದರೆ ‘ಐ ವೆಂಟ್ ಟು ಹಂಪಿ ತ್ರೀ ಟೈಮ್ಸ್’. ಆದರೆ ವಾರಕ್ಕೆ ಮೂರು ಸಲ, ವರ್ಷಕ್ಕೊಮ್ಮೆ ಅಂತ ಮತ್ತೆ ಮತ್ತೆ ಆಗುವುದನ್ನು ಹೇಳಿದರೆ ‘ಯೂಸ್ಡ್ ಟು’ ಚೆನ್ನಾಗಿ ಹೊಂದುತ್ತದೆ: ‘ವಿ ಯೂಸ್ಡ್ ಟು ಗೋ ಟು ಹಂಪಿ ಎವ್ರಿ ಇಯರ್’. ಒಟ್ಟು ಲೆಕ್ಕ ಆದರೆ ಬೇಡ, ಪದೇ ಪದೇ ಆದರೆ ಬೇಕು.

‘ವುಡ್’ ಸ್ವಲ್ಪ ನಿಧಾನವಾಗಿ ಹೇಳಬೇಕು, ಇದರಲ್ಲಿ ಓದಿದವರೂ ತಪ್ಪುತ್ತಾರೆ. ಕೆಲಸಗಳಿಗೆ ‘ವುಡ್’ ಬರುತ್ತದೆ, ಸ್ಥಿತಿಗೆ ಬರುವುದಿಲ್ಲ. ‘ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಹೋಗುತ್ತಿದ್ದೆವು, ಕೆರೆಯಲ್ಲಿ ಈಜುತ್ತಿದ್ದೆವು’ ಅನ್ನುವುದಕ್ಕೆ ‘ಎವ್ರಿ ಸಮ್ಮರ್ ವಿ ವುಡ್ ಗೋ ಟು ಅಜ್ಜೀಸ್ ಹೌಸ್, ವಿ ವುಡ್ ಸ್ವಿಮ್ ಇನ್ ದ ಟ್ಯಾಂಕ್’ ಅನ್ನಬಹುದು. ‘ಅಜ್ಜಿಗೆ ಎರಡು ಹಸು ಇದ್ದವು’ ಅನ್ನುವುದಕ್ಕೆ ‘ಅಜ್ಜಿ ವುಡ್ ಹ್ಯಾವ್ ಟೂ ಕೌಸ್’ ಬರಲ್ಲ, ‘ಅಜ್ಜಿ ಯೂಸ್ಡ್ ಟು ಹ್ಯಾವ್ ಟೂ ಕೌಸ್’ ಅನ್ನಬೇಕು. ಮತ್ತೆ ‘ವುಡ್’ ಒಂಟಿಯಾಗಿ ಬಂದರೆ ಕೇಳುವವರಿಗೆ ಯಾವ ಕಾಲದ ಮಾತು ಅಂತ ತಿಳಿಯಲ್ಲ. ಮುಂಚೆ ‘ಎವ್ರಿ ಸಮ್ಮರ್’, ‘ವೆನ್ ಐ ವಾಸ್ ಎ ಚೈಲ್ಡ್’ ಥರದ್ದು ಏನಾದರೂ ಇರಬೇಕು. ಇಂಗ್ಲಿಷ್‌ನಲ್ಲಿ ಕಥೆ ಹೇಳುವವರು ಮೊದಲ ವಾಕ್ಯಕ್ಕೆ ‘ಯೂಸ್ಡ್ ಟು’ ಹಾಕಿ ಕಾಲವನ್ನು ಕಟ್ಟಿಬಿಡುತ್ತಾರೆ, ಆಮೇಲಿನ ವಾಕ್ಯಗಳಿಗೆ ‘ವುಡ್’ ಬಳಸುತ್ತಾ ಹೋಗುತ್ತಾರೆ. ಪ್ರತಿ ವಾಕ್ಯಕ್ಕೂ ‘ಯೂಸ್ಡ್ ಟು’ ಹಾಕಿದರೆ ಓದಲು ಬೇಜಾರು. ಮಕ್ಕಳು ‘ನನ್ನ ಬಾಲ್ಯ’ ಪ್ರಬಂಧ ಬರೆಯುವಾಗ ಇದನ್ನು ತೋರಿಸಿ.

ಮತ್ತೆ ಒಂದು ಎಚ್ಚರಿಕೆ. ‘ಯೂಸ್ಡ್ ಟು’ ಅಂದಮಾತ್ರಕ್ಕೆ ಈಗ ಖಂಡಿತ ಇಲ್ಲ ಅಂತ ಬೀಗ ಹಾಕಿದ ಹಾಗೆ ಅಲ್ಲ. ‘ಐ ಯೂಸ್ಡ್ ಟು ರೀಡ್ ಎ ಲಾಟ್, ಆ್ಯಂಡ್ ಐ ಸ್ಟಿಲ್ ಡೂ’ ಅಂತ ಹೇಳಬಹುದು. ಆದರೆ ಹಾಗೆ ಬಿಡಿಸಿ ಹೇಳದಿದ್ದರೆ ಕೇಳುವವರು ‘ಈಗ ಇಲ್ಲ’ ಅಂತಲೇ ತಿಳಿಯುತ್ತಾರೆ. ಎಚ್ಆರ್ ಅಕ್ಕ ಹೇಳಿದ ತೊಂದರೆ ಹುಟ್ಟುವುದು ಅಲ್ಲೇ.

ರಾಯಚೂರ್_ಬಿಸಿಲು

ಅಕ್ಕಾ, ಇಂಟರ್‌ವ್ಯೂ ಮಾತು ಒಪ್ಪಿದೆ. ಅರ್ಥವೇ ಉಲ್ಟಾ ಆಗುತ್ತದೆ ಅಂದಮೇಲೆ ಹೇಳಿಕೊಡಲೇಬೇಕು. ನಮ್ಮ ತಂಗಿ ಡಿಗ್ರಿ ಕೊನೇ ವರ್ಷದಲ್ಲಿದ್ದಾಳೆ, ಅವಳಿಗೆ ಇದನ್ನೆಲ್ಲ ಓದಿಸುತ್ತೇನೆ. ಮಾತಿನ ಮಧ್ಯೆ ತಡೆಯಬಾರದು ಅನ್ನುವ ನನ್ನ ಮಾತನ್ನು ಮಾತ್ರ ಟೀಚರ್ ಮೇಡಂ ಮರೆಯಬಾರದು.

ಸಾಗರದ_ಸುಮಾ

ಮೇಡಂ, ಮಕ್ಕಳಿಗೆ ಕೊಡಲು ಕೆಲವು ಕನ್ನಡ ವಾಕ್ಯ ಬರೆದಿದ್ದೇನೆ. ಇಂಗ್ಲಿಷ್ ಮಾಡುವ ಮುಂಚೆ ಆ ಹೊತ್ತಿನದಾ, ಹಿಂದಿನ ರೂಢಿಯಾ, ಈಗಿನ ರೂಢಿಯಾ, ಒಗ್ಗಿರುವುದಾ ಅಂತ ಪಕ್ಕದಲ್ಲಿ ಬರೆಯಲಿ.

ನಮ್ಮಪ್ಪ ಮುಂಚೆ ಬೀಡಿ ಸೇದುತ್ತಿದ್ದರು.
ನೀನು ಬಂದಾಗ ನಾನು ಊಟ ಮಾಡುತ್ತಿದ್ದೆ.
ನನಗೆ ಮಳೆಯಲ್ಲಿ ನಡೆಯುವುದು ರೂಢಿ ಆಗಿದೆ.
ಅಮ್ಮ ದಿನಾ ಐದಕ್ಕೆ ಏಳುತ್ತಾಳೆ.
ಇಲ್ಲಿ ಒಂದು ಬಾವಿ ಇತ್ತು, ಈಗ ಮುಚ್ಚಿದ್ದಾರೆ.
ಹೊಸ ಶಾಲೆಗೆ ಇನ್ನೂ ಒಗ್ಗಿಕೊಳ್ಳುತ್ತಿದ್ದೇನೆ.
ನೀವು ಮುಂಚೆ ತುಮಕೂರಿನಲ್ಲಿ ಇದ್ದಿರಾ?
ಈ ಪುಡಿಯನ್ನು ಪಾತ್ರೆ ತಿಕ್ಕಲು ಬಳಸುತ್ತಾರೆ.

ಏಳನೆಯದು ಡಿ ಅಕ್ಷರಕ್ಕಾಗಿ ಹಾಕಿದ್ದೇನೆ: ‘ಡಿಡ್ ಯು ಯೂಸ್ ಟು ಲಿವ್ ಇನ್ ತುಮಕೂರು?’ ಆರನೆಯದರಲ್ಲಿ ‘ಗೆಟಿಂಗ್ ಯೂಸ್ಡ್ ಟು’ ಆದಮೇಲೆ ನೇರವಾಗಿ ‘ದ ನ್ಯೂ ಸ್ಕೂಲ್’ ಬರುತ್ತದೆ, ಇಂಗ್ ಹುಡುಕಿಕೊಂಡು ಹೋಗುವುದು ಬೇಡ. ನಾಲ್ಕನೆಯದಕ್ಕೆ ಮಕ್ಕಳು ‘ಅಮ್ಮ ಗೆಟ್ಸ್ ಅಪ್ ಅಟ್ ಫೈವ್ ಎವ್ರಿ ಡೇ’ ಅಂತ ಬರೆದರೆ ಪಾಠ ತಲೆಗೆ ಹೋಗಿದೆ ಅಂತ ತಿಳಿಯಿರಿ. ಅಲ್ಲಿ ಯಾರಾದರೂ ‘ಯೂಸ್ ಟು’ ಬರೆದರೆ ಮೇಷ್ಟ್ರು ಹೇಳಿದ ‘ಐ ಗೋ’ ಪಾಠವನ್ನು ಇನ್ನೊಂದು ಸಲ ಮಾಡಿ.